ಹದಿಹರೆಯದ ಓದು ಮತ್ತು ದೆವ್ವದ ಕಥೆಗಳು

(ಸಂಘದ ವಾರ್ಷಿಕ ಸಮಾರಂಭದಲ್ಲಿ ಪೋಷಕರು ಮತ್ತು ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)

 

“ಮಕ್ಕಳು ಓದುವುದೇ ಇಲ್ಲ” ಎಂಬ ದೂರು ನಮ್ಮ ಪ್ರತಿ ಸಭೆಯಲ್ಲೂ ಕೇಳಿಬರುತ್ತದೆ. ನಾನೊಬ್ಬ ಶಿಕ್ಷಕ. ಬೆಳಿಗ್ಗೆ ಉರ್ದು, ಮಧ್ಯಾಹ್ನ ಕನ್ನಡ ಪಾಠ ಮಾಡುತ್ತೇನೆ. ಕೊನೆಯ ಬೆಂಚಿನ ಕೆಳಗೆ ಏನೇನು ಸಾಗುತ್ತದೆ ಎಂಬುದು ನನಗೆ ಗೊತ್ತು. ಅಲ್ಲಿ ಮೊಬೈಲ್ ಇರುತ್ತದೆ, ನಿಜ. ಆದರೆ ಒಮ್ಮೊಮ್ಮೆ ಪುಸ್ತಕವೂ ಇರುತ್ತದೆ. ಹಾಗೆ ಸಿಕ್ಕ ಪುಸ್ತಕಗಳಲ್ಲಿ ಹೆಚ್ಚಿನವು ದೆವ್ವ, ಜಿನ್ನ್, ಮಾಟ, ಮಾಯಾವಿಗಳ ಕಥೆಗಳೇ. ಅಂದರೆ ಮಕ್ಕಳು ಓದುತ್ತಿಲ್ಲ ಎನ್ನುವುದಕ್ಕಿಂತ, ನಾವು ಮೆಚ್ಚುವಂಥದ್ದನ್ನು ಓದುತ್ತಿಲ್ಲ ಎನ್ನುವುದೇ ಸರಿ. ಇಂತಹ ಓದನ್ನು ಕಂಡಾಗ ನಾವು ಏನು ಮಾಡಬೇಕು? ನನ್ನ ಇಂದಿನ ವಿಷಯ ಇಷ್ಟೇ.

ಮೊದಲು ನನ್ನ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ.

ಸುಮಾರು ಹತ್ತು ವರ್ಷಗಳ ಹಿಂದಿನ ಮಾತು. ಬಿ.ಇಡಿ. ಮುಗಿಸಿ ಕೆಲಸಕ್ಕೆ ಸೇರಿದ ಹೊಸದು. ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಕನ್ನಡ ಪಾಠ ಓದಲು ನಿಲ್ಲಿಸಿದರೆ ಒತ್ತಕ್ಷರಗಳ ಬಳಿ ತಡವರಿಸಿ ನಿಂತುಬಿಡುತ್ತಿದ್ದ. ಒಂದು ದಿನ ಪಾಠದ ನಡುವೆ ಅವನ ತೊಡೆಯ ಮೇಲೆ ಒಂದು ತೆಳ್ಳನೆಯ ಕನ್ನಡ ಪುಸ್ತಕ ಕಂಡಿತು. ಮುಖಪುಟದಲ್ಲಿ ಪಾಳುಮನೆ ಮತ್ತು ಬಿಳಿ ಸೀರೆಯ ಹೆಂಗಸು. ಕಿತ್ತುಕೊಂಡೆ. ಇಡೀ ತರಗತಿಯ ಮುಂದೆ ಎತ್ತಿ ಹಿಡಿದು, “ಪಾಠ ಓದಲು ಬಾರದವನಿಗೆ ದೆವ್ವದ ಕಥೆ ಬೇರೆ!” ಎಂದು ಹಂಗಿಸಿದೆ. ಎಲ್ಲರೂ ನಕ್ಕರು. ಆ ಪುಸ್ತಕ ಸಿಬ್ಬಂದಿ ಕೊಠಡಿಯ ಕಪಾಟಿಗೆ ಹೋಯಿತು. ಅಲ್ಲಿಂದ ಹಳೆಯ ಉತ್ತರಪತ್ರಿಕೆಗಳ ಜೊತೆ ರದ್ದಿಗೂ ಹೋಯಿತು.

ಎರಡು ವಾರಗಳ ನಂತರ ಅವನ ತಾಯಿ ಶಾಲೆಗೆ ಬಂದರು. ಬೀಡಿ ಕಟ್ಟಿ ಸಂಸಾರ ತೂಗಿಸುವ ಹೆಣ್ಣುಮಗಳು, ಓದು ಬರಹ ತಿಳಿಯದವರು. ಬಾಗಿಲ ಬಳಿಯೇ ನಿಂತು ಸಂಕೋಚದಿಂದ ಕೇಳಿದರು: “ಮಾಸ್ಟರ್ ಸಾಬ್, ಆ ಪುಸ್ತಕ ಒಂದು ಸಲ ವಾಪಸ್ ಕೊಡ್ತೀರಾ? ರಾತ್ರಿ ನಾವು ಬೀಡಿ ಕಟ್ಟುವಾಗ ಅವನು ಓದಿ ಹೇಳುತ್ತಿದ್ದ. ಆ ಮನೆಯಲ್ಲಿ ಇದ್ದದ್ದು ಯಾರು ಅಂತ ಗೊತ್ತಾಗಲೇ ಇಲ್ಲ. ಅವನ ತಂಗಿಯರು ದಿನಾ ಕೇಳ್ತಾರೆ.”

ವಿಚಾರಿಸಿದಾಗ ತಿಳಿಯಿತು. ಆ ಹುಡುಗ ಕನ್ನಡದಲ್ಲಿ ಒಂದು ಪುಟ ಓದಿಕೊಂಡು, ಅದನ್ನು ತಾಯಿ ಮತ್ತು ತಂಗಿಯರಿಗೆ ಮನೆಮಾತಾದ ದಖನಿಯಲ್ಲಿ ಹೇಳುತ್ತಿದ್ದನಂತೆ. ಗೊತ್ತಿಲ್ಲದ ಪದ ಬಂದರೆ ಪಕ್ಕದ ಮನೆಯವರನ್ನು ಕೇಳಿ ಬರುತ್ತಿದ್ದನಂತೆ. ಓದು, ಅರ್ಥಗ್ರಹಣ, ಅನುವಾದ, ಕಥನ ಎಂದು ನಾನು ಪಾಠಯೋಜನೆಯಲ್ಲಿ ಬರೆದುಕೊಂಡಿದ್ದ ಎಲ್ಲ ಉದ್ದೇಶಗಳೂ ಆ ಒಂದೇ ಕೋಣೆಯಲ್ಲಿ ದಿನವೂ ಈಡೇರುತ್ತಿದ್ದವು. ಅದನ್ನು ನಿಲ್ಲಿಸಿದವನು ನಾನು. ಹಳೆಯ ಪುಸ್ತಕದಂಗಡಿಗಳಲ್ಲಿ ಹುಡುಕಿದೆ, ಅದು ಸಿಗಲಿಲ್ಲ. ಬೇರೊಂದನ್ನು ತಂದುಕೊಟ್ಟೆ. “ಬೇಡ ಸರ್, ಪರೀಕ್ಷೆ ಇದೆ” ಎಂದ. ಆಮೇಲೆ ಅವನ ಕೈಯಲ್ಲಿ ಪಠ್ಯಪುಸ್ತಕವಲ್ಲದ ಪುಸ್ತಕವನ್ನು ನಾನು ನೋಡಲಿಲ್ಲ.

ಮಿತ್ರರೇ, ಇಂತಹ ತಪ್ಪು ನನ್ನೊಬ್ಬನದಲ್ಲ. ಉರ್ದುವಿನ ಆರಂಭದ ಕಾದಂಬರಿಗಳಲ್ಲೇ ಇದರ ಚಿತ್ರವಿದೆ. ಡೆಪ್ಯುಟಿ ನಜೀರ್ ಅಹ್ಮದ್ ಅವರು 1870ರ ದಶಕದಲ್ಲಿ ‘ತೌಬತುನ್ನಸೂಹ್’ ಬರೆದರು. ಕಾಲರಾದಿಂದ ಬದುಕುಳಿದ ನಸೂಹ್ ಎಂಬ ಗೃಹಸ್ಥ ತನ್ನ ಮನೆಯವರನ್ನೆಲ್ಲ ತಿದ್ದಲು ಹೊರಡುತ್ತಾನೆ. ಹಿರಿಯ ಮಗ ಕಲೀಮ್ ಕಾವ್ಯಪ್ರಿಯ, ತಂದೆಯ ಮಾತಿಗೆ ಒಪ್ಪದೆ ಮನೆ ಬಿಡುತ್ತಾನೆ. ತಂದೆ ಅವನ ಕೋಣೆಯಲ್ಲಿದ್ದ ಕಾವ್ಯ, ಕಥೆಗಳ ಪುಸ್ತಕಗಳಿಗೆ ಬೆಂಕಿ ಹಚ್ಚುತ್ತಾನೆ. ಕೊನೆಗೆ ಮಗ ಗಾಯಗೊಂಡು ಹಿಂತಿರುಗಿ, ಪಶ್ಚಾತ್ತಾಪಪಟ್ಟು ಸಾಯುತ್ತಾನೆ. ಲೇಖಕರ ಸಹಾನುಭೂತಿ ತಂದೆಯ ಕಡೆಗಿದೆ. ಆದರೆ ಇಂದು ತರಗತಿಯಲ್ಲಿ ಆ ಭಾಗವನ್ನು ಹೇಳಿದರೆ ಮಕ್ಕಳು ಮರುಗುವುದು ಕಲೀಮನಿಗಾಗಿ. “ಸರ್, ಸುಡುವ ಮೊದಲು ಅವನ ಅಪ್ಪ ಅವನ್ನು ಓದಿದ್ದರಾ?” ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಆ ಪ್ರಶ್ನೆ ನನಗೇ ಕೇಳಿದಂತಿತ್ತು.

ಇನ್ನು ಈ ಅಭಿರುಚಿ ಹೊಸದೇ? ಖಂಡಿತ ಅಲ್ಲ. ‘ಅಲಿಫ್ ಲೈಲಾ’ದಲ್ಲಿ ಜಿನ್ನ್‌ಗಳಿಲ್ಲದ ರಾತ್ರಿಗಳು ಎಷ್ಟಿವೆ? ಲಖನೌದ ನವಲ್ ಕಿಶೋರ್ ಮುದ್ರಣಾಲಯ 1883ರಿಂದ ಪ್ರಕಟಿಸಿದ ‘ತಿಲಿಸ್ಮೆ ಹೋಷ್‌ರುಬಾ’ ಸಾವಿರಾರು ಪುಟಗಳ ಮಾಯಾಲೋಕ. ಹುಡುಗನಾಗಿದ್ದಾಗ ಗೋರಖಪುರದಲ್ಲಿ ಅದರ ಹಲವು ಭಾಗಗಳನ್ನು ಓದಿದವರಲ್ಲಿ ಪ್ರೇಮಚಂದ್ ಒಬ್ಬರು. ಪುಸ್ತಕ ಕೊಳ್ಳಲು ಹಣವಿರಲಿಲ್ಲ. ಒಬ್ಬ ಪುಸ್ತಕ ವ್ಯಾಪಾರಿಯಿಂದ ಇಂಗ್ಲಿಷ್ ಗೈಡುಗಳನ್ನು ತಂದು ಶಾಲೆಯಲ್ಲಿ ಮಾರಿಕೊಟ್ಟು, ಅದಕ್ಕೆ ಬದಲಾಗಿ ಅವನಂಗಡಿಯ ಕಾದಂಬರಿಗಳನ್ನು ಮನೆಗೊಯ್ದು ಓದುತ್ತಿದ್ದುದಾಗಿ ಅವರೇ ಬರೆದುಕೊಂಡಿದ್ದಾರೆ. ಮಾಯೆ ಮಂತ್ರಗಳ ಆ ಓದು ಅವರನ್ನು ಕೆಡಿಸಲಿಲ್ಲ. ಈದ್ ಜಾತ್ರೆಯಲ್ಲಿ ಆಟಿಕೆ ಕೊಳ್ಳದೆ ಅಜ್ಜಿಯ ಕೈ ಸುಡದಿರಲೆಂದು ಚಿಮಟ ಕೊಂಡು ತರುವ ಹಾಮಿದನನ್ನು ‘ಈದ್‌ಗಾಹ್’ ಕಥೆಯಲ್ಲಿ ಸೃಷ್ಟಿಸಿದವರು ಅವರೇ.

ಕನ್ನಡದ ಕಡೆಗೆ ಬನ್ನಿ. ಇಲ್ಲಿ ಕುಳಿತಿರುವ ಹಿರಿಯರಲ್ಲಿ ‘ಚಂದಮಾಮ’ ಓದದವರು ಯಾರಿದ್ದೀರಿ? 1947ರಲ್ಲಿ ತೆಲುಗು, ತಮಿಳಿನಲ್ಲಿ ಆರಂಭವಾಗಿ 1949ರಲ್ಲಿ ಕನ್ನಡಕ್ಕೂ ಬಂದ ಆ ಮಾಸಪತ್ರಿಕೆ ಈಗ ನಿಂತುಹೋಗಿದೆ. ಆದರೆ ಹೆಗಲ ಮೇಲೆ ಶವ, ಕೈಯಲ್ಲಿ ಕತ್ತಿ ಹಿಡಿದ ವಿಕ್ರಮನ ಚಿತ್ರ ಯಾರಿಗೂ ಮರೆತಿಲ್ಲ. 1980ರ ದಶಕದಲ್ಲಿ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ತೆಲುಗಿನಿಂದ ಕನ್ನಡಕ್ಕೆ ಬಂದು ಮನೆಮಾತಾಯಿತು, 1985ರಲ್ಲಿ ಚಲನಚಿತ್ರವೂ ಆಯಿತು. ಅದೂ ಮಗುವೊಂದರ ಮೇಲೆ ನಡೆಯುವ ಮಾಟದ ಕಥೆ. 1997ರಲ್ಲಿ ಹ್ಯಾರಿ ಪಾಟರ್, 2005ರಲ್ಲಿ ರಕ್ತಪಿಶಾಚಿಯ ಪ್ರೇಮಕಥೆ ‘ಟ್ವೈಲೈಟ್’ ಇಂಗ್ಲಿಷಿನಲ್ಲಿ ಬಂದವು. ನಮ್ಮ ಇಂಗ್ಲಿಷ್ ಮಾಧ್ಯಮದ ಮಕ್ಕಳು ಇಂದಿಗೂ ಅವನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಹಿರಿಯರ ಆತಂಕವೂ ಎಲ್ಲ ಕಡೆ ಒಂದೇ. 2000ದಿಂದ 2009ರವರೆಗೆ ಅಮೆರಿಕದಲ್ಲಿ ಗ್ರಂಥಾಲಯಗಳಿಂದ ತೆಗೆಯಬೇಕೆಂದು ಅತಿ ಹೆಚ್ಚು ಆಕ್ಷೇಪಗಳು ದಾಖಲಾದದ್ದು ಹ್ಯಾರಿ ಪಾಟರ್ ಮಾಲೆಯ ಮೇಲೆಯೇ ಎಂದು ಅಲ್ಲಿನ ಗ್ರಂಥಾಲಯ ಸಂಘದ ಪಟ್ಟಿ ಹೇಳುತ್ತದೆ.

ಹದಿಮೂರು, ಹದಿನಾಲ್ಕರ ವಯಸ್ಸಿಗೆ ಈ ಕಥೆಗಳು ಏಕೆ ಇಷ್ಟ? ನಾನು ತರಗತಿಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಆ ವಯಸ್ಸಿನಲ್ಲಿ ದೇಹ ಬದಲಾಗುತ್ತಿರುತ್ತದೆ, ದನಿ ಒಡೆಯುತ್ತಿರುತ್ತದೆ, ತಾನು ಯಾರೆಂಬುದು ತನಗೇ ತಿಳಿಯದು. ರೂಪ ಬದಲಿಸುವವರ ಕಥೆ ಅವರಿಗೆ ತಮ್ಮದೇ ಕಥೆಯಂತೆ ಕಾಣುತ್ತದೆ. ಮನೆಯಲ್ಲೂ ಶಾಲೆಯಲ್ಲೂ ಅವರ ಮಾತಿಗೆ ಬೆಲೆ ಕಡಿಮೆ. ಕಥೆಯಲ್ಲಾದರೋ ದುರ್ಬಲನೇ ಗೆಲ್ಲುತ್ತಾನೆ. ಅಲಿಫ್ ಲೈಲಾದ ಬಡ ಮೀನುಗಾರ ತನ್ನನ್ನು ಕೊಲ್ಲಬಂದ ಜಿನ್ನನ್ನು ಬರಿಯ ಉಪಾಯದಿಂದ ಮತ್ತೆ ಹೂಜಿಯೊಳಗೆ ಕೂರಿಸುತ್ತಾನೆ. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಮಲಗುವ ಅನಾಥ ಹ್ಯಾರಿ ದೊಡ್ಡ ದುಷ್ಟಶಕ್ತಿಯನ್ನು ಎದುರಿಸುತ್ತಾನೆ. ಮೂರನೆಯದಾಗಿ, ಕಥೆಯ ಭಯ ಓದುಗನ ಅಂಕೆಯಲ್ಲಿರುತ್ತದೆ. ಬೇಡವೆನಿಸಿದರೆ ಪುಸ್ತಕ ಮುಚ್ಚಬಹುದು. ಪರೀಕ್ಷೆಯ ಭಯ, ಅಪ್ಪನ ಸಾಲದ ಭಯ ಹಾಗೆ ಮುಚ್ಚಿಡುವಂಥವಲ್ಲ.

ಹಾಗಾದರೆ ಚಿಂತಿಸಬೇಕಾದ್ದು ಏನೂ ಇಲ್ಲವೇ? ಇದೆ. ಕಥೆಯನ್ನು ಕಥೆಯೆಂದು ಓದುವುದು ಬೇರೆ, ನಿಜವೆಂದು ನಂಬಿ ನಡುಗುವುದು ಬೇರೆ. ಜಿನ್ನ್‌ಗಳ ಅಸ್ತಿತ್ವ ನಮ್ಮ ನಂಬಿಕೆಯ ಭಾಗ. ಕುರ್‌ಆನಿನ 72ನೇ ಅಧ್ಯಾಯದ ಹೆಸರೇ ‘ಅಲ್ ಜಿನ್ನ್’. ಆದರೆ ಅದೇ ಧರ್ಮ ಮಾಟ ಮಂತ್ರವನ್ನೂ, ಭವಿಷ್ಯ ಹೇಳುವವರ ಬಳಿ ಹೋಗುವುದನ್ನೂ ನಿಷೇಧಿಸಿದೆ. ಮೂರ್ಛೆ ಬರುವ ಹುಡುಗಿಯನ್ನು ವೈದ್ಯರ ಬಳಿಗೆ ಕರೆದೊಯ್ಯದೆ, ಗಾಳಿ ಸೋಕಿದೆ ಎಂದು ಹೊಗೆ ಹಾಕಿಸಿ ಹಣ ಕಳೆದುಕೊಳ್ಳುವವರು ಎಲ್ಲ ಸಮುದಾಯಗಳಲ್ಲೂ ಇದ್ದಾರೆ. ಅವರಿಗೆ ಆ ಭಯ ಕಲಿಸಿದ್ದು ಕಾದಂಬರಿಯಲ್ಲ, ನಾವು ಹಿರಿಯರು. ನಮ್ಮ ರಾಜ್ಯ 2017ರಲ್ಲಿ ಅಮಾನವೀಯ ಅನಿಷ್ಟ ಪದ್ಧತಿಗಳ ಮತ್ತು ವಾಮಾಚಾರದ ವಿರುದ್ಧ ಕಾನೂನನ್ನೇ ಮಾಡಬೇಕಾಯಿತು. ಮಗುವಿನ ಕೈಯ ಕಥೆಪುಸ್ತಕ ಕಿತ್ತುಕೊಂಡು, ಅದೇ ಮಗುವಿನ ಮುಂದೆ “ಹುಣಸೆಮರದ ಹತ್ತಿರ ಹೋಗಬೇಡ” ಎನ್ನುವುದು ಯಾವ ನ್ಯಾಯ?

ಎರಡನೆಯ ಚಿಂತೆ ಮೌಲ್ಯಗಳದ್ದು. ‘ಟ್ವೈಲೈಟ್’ನ ನಾಯಕ ನಾಯಕಿಗೆ ತಿಳಿಯದಂತೆ ರಾತ್ರಿ ಅವಳ ಕೋಣೆಗೆ ಬಂದು ಅವಳು ನಿದ್ರಿಸುವುದನ್ನು ನೋಡುತ್ತಾನೆ. ಕಥೆಯಲ್ಲಿ ಅದು ಪ್ರೇಮ. ನಮ್ಮ ಬೀದಿಯಲ್ಲಿ ಒಬ್ಬ ಹಾಗೆ ಮಾಡಿದರೆ ಅದೇನು? ಈ ಪ್ರಶ್ನೆ ಕೇಳಿದಾಗ ಹತ್ತನೇ ತರಗತಿಯ ಹುಡುಗಿಯರು ಅರ್ಧ ಗಂಟೆ ವಾದಿಸಿದರು. ಪುಸ್ತಕ ನಿಷೇಧಿಸಿದ್ದರೆ ಆ ಚರ್ಚೆ ನಡೆಯುತ್ತಿರಲಿಲ್ಲ, ಓದು ಮಾತ್ರ ಕದ್ದುಮುಚ್ಚಿ ನಡೆಯುತ್ತಿತ್ತು. ಬೇತಾಳನೂ ಇದನ್ನೇ ಮಾಡುತ್ತಿದ್ದ. ಪ್ರತಿ ಕಥೆಯ ಕೊನೆಗೆ ಒಂದು ಪ್ರಶ್ನೆ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ರಾಜನ ತಲೆ ಸಿಡಿಯುತ್ತದೆ. ದೆವ್ವದ ಕಥೆಗೆ ಪ್ರಶ್ನೆ ಸೇರಿದರೆ ಅದು ಪಾಠವಾಗುತ್ತದೆ ಎಂಬುದನ್ನು ನಾವು ಬೇತಾಳನಿಂದ ಕಲಿಯಬೇಕು.

ಮೂರನೆಯದು, ಒಂದೇ ಬಗೆಯ ಪುಸ್ತಕದಲ್ಲಿ ನಿಂತುಬಿಡುವುದು. ಇದಕ್ಕೆ ಮದ್ದು ಮುಂದಿನ ಪುಸ್ತಕವೇ. ಉರ್ದು ಓದುವವರಿಗೆ ನಾನು ಇಬ್ನೆ ಸಫಿ ಕೊಡುತ್ತೇನೆ. 1955ರಲ್ಲಿ ಬಂದ ಇಮ್ರಾನ್ ಮಾಲೆಯ ಮೊದಲ ಕಾದಂಬರಿ ‘ಖೌಫ್‌ನಾಕ್ ಇಮಾರತ್’. ಅದರಲ್ಲಿ ಜನ ಹೆದರುವ ಒಂದು ಕಟ್ಟಡ, ಅದರೊಳಗೊಂದು ಸಮಾಧಿ, ಒಂದಾದ ಮೇಲೊಂದು ಹೆಣ. ಕೊನೆಗೆ ಬಯಲಾಗುವುದು ಮನುಷ್ಯರದೇ ಕೈವಾಡ. ಭಯದಿಂದ ವಿಚಾರದ ಕಡೆಗೆ ದಾಟಲು ಇದಕ್ಕಿಂತ ಒಳ್ಳೆಯ ಸೇತುವೆ ಬೇಕೆ? ಕನ್ನಡ ಓದುವವರಿಗೆ ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್‌ನ ಕಾಡಿನ ಕಥೆಗಳು, ನಂತರ ‘ಕರ್ವಾಲೊ’. ಅಲ್ಲಿ ಹಾರುವ ಓತಿಯೊಂದನ್ನು ಹುಡುಕಿ ಕಾಡಿಗೆ ಹೊರಡುವ ಕುತೂಹಲವಿದೆ. ಯಾವ ಮಾಯೆಗೂ ಅದು ಕಡಿಮೆಯಲ್ಲ. ಆಮೇಲೆ ಬೊಳುವಾರು ಮಹಮ್ಮದ್ ಕುಂಞಿಯವರ ‘ಪಾಪು ಗಾಂಧಿ ಬಾಪು ಗಾಂಧಿ ಆದ ಕಥೆ’. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸಬೇಕು. ಮೊದಲ ಮೆಟ್ಟಿಲನ್ನೇ ಕಿತ್ತರೆ ಮಗು ಹತ್ತುವುದು ಹೇಗೆ?

ಕೊನೆಯದಾಗಿ ಮೂರು ಕೋರಿಕೆಗಳು.

ಪೋಷಕರೇ, ಮಗುವಿನ ಕೈಯಲ್ಲಿ ಇಂತಹ ಪುಸ್ತಕ ಕಂಡರೆ ಕಿತ್ತುಕೊಳ್ಳಬೇಡಿ. “ಕಥೆ ಏನು? ಹೇಳು” ಎಂದು ಕೇಳಿ. ಓದಲು ಬಾರದ ತಾಯಂದಿರೂ ಇದನ್ನು ಮಾಡಬಲ್ಲರು. ಒಬ್ಬ ತಾಯಿ ಮಾಡಿದ್ದನ್ನು ನಾನು ನೋಡಿದ್ದೇನೆ.

ಸಂಘದ ಹಿರಿಯರೇ, ನಮ್ಮ ವಾಚನಾಲಯದ ಕಪಾಟಿನಲ್ಲಿ ಧರ್ಮ ಮತ್ತು ಸ್ಪರ್ಧಾತ್ಮಕ ಪರೀಕ್ಷೆಗಳ ಪುಸ್ತಕಗಳು ಇರಲಿ. ಅವುಗಳ ಜೊತೆಗೆ ಒಂದು ಸಾಲು ಕಥೆಗಳಿಗೂ ಜಾಗ ಕೊಡಿ. ಬೀಗ ಹಾಕದ ಸಾಲು ಅದಾಗಲಿ. ಕಳೆದುಹೋಗುವ ಪುಸ್ತಕಗಳ ಲೆಕ್ಕ ನನ್ನ ಹೆಸರಿಗೆ ಬರೆಯಿರಿ.

ವಿದ್ಯಾರ್ಥಿಗಳೇ, ನೀವು ಓದಿ, ಧೈರ್ಯವಾಗಿ ಓದಿ, ಆದರೆ ಪಾಠದ ಸಮಯದಲ್ಲಿ ಬೇಡ. ಮುಗಿಸಿದ ಮೇಲೆ ಮನೆಯಲ್ಲಿ ಒಬ್ಬರಿಗಾದರೂ ಆ ಕಥೆ ಹೇಳಿ. ಆಮೇಲೆ ನನ್ನ ಬಳಿ ಬನ್ನಿ, ಇನ್ನೊಂದು ಪುಸ್ತಕ ಕೊಡುತ್ತೇನೆ.

ಆ ಹುಡುಗ ಎಸ್.ಎಸ್.ಎಲ್.ಸಿ. ನಂತರ ಓದು ಬಿಟ್ಟು ಗ್ಯಾರೇಜಿಗೆ ಸೇರಿದ. ಅದಕ್ಕೆ ಮನೆಯ ಕಷ್ಟವೇ ಕಾರಣ, ಒಂದು ಪುಸ್ತಕ ಅಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಈಗ ಒಳ್ಳೆಯ ಮೆಕ್ಯಾನಿಕ್. ನನ್ನ ಗಾಡಿಯನ್ನು ಅವನೇ ರಿಪೇರಿ ಮಾಡುತ್ತಾನೆ, ಸಲಾಮ್ ಹೇಳಿ ಚಹಾ ತರಿಸುತ್ತಾನೆ. ಹೋದ ತಿಂಗಳು ಧೈರ್ಯ ಮಾಡಿ ಕೇಳಿದೆ: “ಆ ಕಥೆ ನೆನಪಿದೆಯಾ?” ಅವನು ನಕ್ಕ. “ಅರ್ಧ ನೆನಪಿದೆ ಸರ್. ಉಳಿದರ್ಧ ಅಮ್ಮಿಗೆ ನಾನೇ ಕಟ್ಟಿ ಹೇಳಿದ್ದೆ” ಎಂದ.

ನಿಮ್ಮ ಮನೆಯ ಮಕ್ಕಳು ಇಡೀ ಕಥೆಯನ್ನು ಓದಿ ಮುಗಿಸುವಂತಾಗಲಿ ಎಂದು ಹಾರೈಸಿ ಮಾತು ಮುಗಿಸುತ್ತೇನೆ. ಖುದಾ ಹಾಫಿಜ್.