ನಡೆದು ಗೆದ್ದ 381 ದಿನಗಳು



ನೀವು ದಿನಾ ಹತ್ತುವ ಬಸ್ಸನ್ನು ನಾಳೆಯಿಂದ ಹತ್ತಬಾರದು ಎಂದು ತೀರ್ಮಾನ ಮಾಡಿದ್ದೀರಿ ಎಂದುಕೊಳ್ಳಿ. ಒಂದು ದಿನ ಹೇಗೋ ನಿಭಾಯಿಸಬಹುದು. ಒಂದು ವಾರ? ಒಂದು ತಿಂಗಳು? ಮಳೆ ಬಂದರೆ ಏನು ಮಾಡುತ್ತೀರಿ? ಮನೆಗೂ ಕೆಲಸದ ಜಾಗಕ್ಕೂ ನಡುವೆ ಐದಾರು ಮೈಲಿ ಇದ್ದರೆ? ಕೆಲಸ ಮುಗಿಸಿ ಕಾಲು ಸೋತ ಹೊತ್ತಿನಲ್ಲಿ ಖಾಲಿ ಬಸ್ಸು ನಿಮ್ಮ ಪಕ್ಕದಲ್ಲೇ ಹಾದುಹೋದರೆ?

ಅಮೆರಿಕದ ಅಲಬಾಮಾ ರಾಜ್ಯದ ರಾಜಧಾನಿ ಮಾಂಟ್‌ಗೊಮರಿ. ಅಲ್ಲಿ ಸುಮಾರು 50 ಸಾವಿರ ಕಪ್ಪು ಜನರಿದ್ದರು. ಅವರು 1955ರ ಡಿಸೆಂಬರ್ 5ರಿಂದ 1956ರ ಡಿಸೆಂಬರ್ 20ರವರೆಗೆ ಸಿಟಿ ಬಸ್ಸು ಹತ್ತಲಿಲ್ಲ. ಒಟ್ಟು 381 ದಿನ.

ಈ ಕತೆ ಬಂದಾಗಲೆಲ್ಲ ನಮಗೆ ನೆನಪಾಗುವ ಹೆಸರು ಎರಡು. ರೋಸಾ ಪಾರ್ಕ್ಸ್ ಮತ್ತು ಮಾರ್ಟಿನ್ ಲೂಥರ್ ಕಿಂಗ್. ದಣಿದ ಒಬ್ಬ ಹೆಂಗಸು ಸೀಟು ಬಿಡಲಿಲ್ಲ, ಒಬ್ಬ ಪಾದ್ರಿ ಭಾಷಣ ಮಾಡಿದರು, ಕಾನೂನು ಬದಲಾಯಿತು. ಮಕ್ಕಳ ಪುಸ್ತಕಗಳಲ್ಲಿ ಮೂರೇ ಸಾಲಿಗೆ ಕತೆ ಮುಗಿಯುತ್ತದೆ. ಇವತ್ತು ಆ ಮೂರು ಸಾಲುಗಳ ನಡುವೆ ಬಿಟ್ಟುಹೋದವರ ಬಗ್ಗೆ ನಿಮ್ಮೊಡನೆ ಮಾತನಾಡಬೇಕೆಂದಿದ್ದೇನೆ. ಅವರಿಲ್ಲದೆ ಆ ಕತೆ ನಡೆಯುತ್ತಲೇ ಇರಲಿಲ್ಲ.

ಮೊದಲು ಆ ಬಸ್ಸಿನೊಳಗೆ ಹೋಗೋಣ. 36 ಸೀಟುಗಳು. ಮುಂದಿನ 10 ಸೀಟು ಬಿಳಿಯರಿಗೆ. ಬಿಳಿಯರು ಒಬ್ಬರೂ ಇಲ್ಲದಿದ್ದರೂ ಕಪ್ಪು ಜನ ಅಲ್ಲಿ ಕೂರುವಂತಿಲ್ಲ. ಹಿಂದಿನ 10 ಸೀಟು ಕಪ್ಪು ಜನರಿಗೆ. ನಡುವಿನ 16 ಸೀಟುಗಳ ವಿಷಯ ಡ್ರೈವರ್ ಹೇಳಿದಂತೆ. ಒಬ್ಬ ಬಿಳಿಯ ಪ್ರಯಾಣಿಕನಿಗೆ ಜಾಗ ಬೇಕಾದರೆ ಆ ಸಾಲಿನಲ್ಲಿ ಕೂತ ಕಪ್ಪು ಜನ ಎಲ್ಲರೂ ಏಳಬೇಕು, ಏಕೆಂದರೆ ಇಬ್ಬರೂ ಒಂದೇ ಸಾಲಿನಲ್ಲಿ ಕೂರಬಾರದು. ಇನ್ನೊಂದು ಪದ್ಧತಿಯೂ ಇತ್ತು. ಕಪ್ಪು ಪ್ರಯಾಣಿಕರು ಮುಂದಿನ ಬಾಗಿಲಲ್ಲಿ ದುಡ್ಡು ಕೊಟ್ಟು, ಕೆಳಗಿಳಿದು, ಹಿಂದಿನ ಬಾಗಿಲಿಗೆ ಹೋಗಿ ಹತ್ತಬೇಕು. ಅಷ್ಟರಲ್ಲಿ ಡ್ರೈವರ್ ಬಸ್ಸು ಬಿಟ್ಟುಕೊಂಡು ಹೋದರೆ ಕೊಟ್ಟ ದುಡ್ಡೂ ಹೋಯಿತು. ಆ ಬಸ್ಸುಗಳಲ್ಲಿ ಓಡಾಡುತ್ತಿದ್ದವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಕಪ್ಪು ಜನರೇ ಎಂಬುದನ್ನೂ ಗಮನಿಸಿ. ಕಂಪನಿ ನಡೆಯುತ್ತಿದ್ದುದೇ ಅವರ ಕಾಸಿನಿಂದ.

ಈ ಲೆಕ್ಕವನ್ನು ಚೆನ್ನಾಗಿ ಅರಿತಿದ್ದವರು ಜೋ ಆನ್ ರಾಬಿನ್ಸನ್. ಅಲಬಾಮಾ ಸ್ಟೇಟ್ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕಿ, ವಿಮೆನ್ಸ್ ಪೊಲಿಟಿಕಲ್ ಕೌನ್ಸಿಲ್ ಎಂಬ ಮಹಿಳಾ ಸಂಘದ ಅಧ್ಯಕ್ಷೆ. ಬಸ್ಸಿನಲ್ಲಿನ ನಡವಳಿಕೆ ಸುಧಾರಿಸದಿದ್ದರೆ ಬಹಿಷ್ಕಾರ ಆದೀತು ಎಂದು ಅವರು ನಗರದ ಮೇಯರ್‌ಗೆ ಪತ್ರ ಬರೆದದ್ದು 1954ರ ಮೇ ತಿಂಗಳಲ್ಲಿ. ರೋಸಾ ಪಾರ್ಕ್ಸ್ ಬಂಧನಕ್ಕೆ ಒಂದೂವರೆ ವರ್ಷ ಮೊದಲು!

ಸೀಟು ಬಿಡದೆ ಬಂಧನವಾದವರಲ್ಲಿಯೂ ಪಾರ್ಕ್ಸ್ ಮೊದಲನೆಯವರಲ್ಲ. 1955ರ ಮಾರ್ಚ್ 2ರಂದು ಕ್ಲಾಡೆಟ್ ಕಾಲ್ವಿನ್ ಎಂಬ 15 ವರ್ಷದ ಶಾಲಾ ಹುಡುಗಿ ಏಳಲು ಒಪ್ಪಲಿಲ್ಲ. ಪೊಲೀಸರು ಎಳೆದುಕೊಂಡು ಹೋದರು. ಅವಳ ಮೊಕದ್ದಮೆಯನ್ನೇ ಹಿಡಿದು ಹೋರಾಡೋಣವೇ ಎಂದು ಮುಖಂಡರು ಯೋಚಿಸಿದರು, ಆಮೇಲೆ ಹಿಂದೆ ಸರಿದರು. ಹುಡುಗಿ ಚಿಕ್ಕವಳು, ಬಡ ಬಡಾವಣೆಯವಳು, ಕೆಲವೇ ತಿಂಗಳಲ್ಲಿ ಮದುವೆಯಾಗದೆ ಗರ್ಭಿಣಿಯೂ ಆದಳು. ಪತ್ರಿಕೆಗಳು ಏನು ಬರೆಯಬಹುದು ಎಂಬ ಭಯ ದೊಡ್ಡವರಿಗೆ. ಅಕ್ಟೋಬರ್‌ನಲ್ಲಿ 18 ವರ್ಷದ ಮೇರಿ ಲೂಯಿಸ್ ಸ್ಮಿತ್ ಬಂಧನವಾಯಿತು. ಅದೂ ದೊಡ್ಡ ಸುದ್ದಿಯಾಗಲಿಲ್ಲ.

ಡಿಸೆಂಬರ್ 1, ಗುರುವಾರ ಸಂಜೆ. 42 ವರ್ಷದ ರೋಸಾ ಪಾರ್ಕ್ಸ್ ಅಂಗಡಿಯ ಹೊಲಿಗೆ ಕೆಲಸ ಮುಗಿಸಿ ಬಸ್ಸು ಹತ್ತಿದರು. ನಡುವಿನ ಸಾಲಿನಲ್ಲಿ ಕೂತರು. ಏಳಿ ಎಂದಾಗ ಸಾಲಿನಲ್ಲಿದ್ದ ಉಳಿದ ಮೂವರು ಎದ್ದರು, ಇವರು ಏಳಲಿಲ್ಲ. ಮೈ ದಣಿದಿತ್ತು, ಅದಕ್ಕೇ ಏಳಲಿಲ್ಲ ಎಂಬ ಮಾತನ್ನು ಅವರೇ ಮುಂದೆ ಆತ್ಮಕಥೆಯಲ್ಲಿ ಅಲ್ಲಗಳೆದರು. ಎಷ್ಟೋ ವರ್ಷಗಳಿಂದ ಅವರು ಕಪ್ಪು ಜನರ ಹಕ್ಕುಗಳ ಸಂಘಟನೆಯಾದ ಎನ್‌ಎಎಸಿಪಿಯ ಸ್ಥಳೀಯ ಶಾಖೆಯ ಕಾರ್ಯದರ್ಶಿ. ಅದೇ ಬೇಸಿಗೆಯಲ್ಲಿ ಟೆನೆಸಿಯ ಹೈಲ್ಯಾಂಡರ್ ಶಾಲೆಯ ಕಾರ್ಯಾಗಾರಕ್ಕೆ ಹೋಗಿ ಬಂದಿದ್ದರು. ಕಾಲ್ವಿನ್ ಹುಡುಗಿಯ ಪರಿಚಯವೂ ಅವರಿಗಿತ್ತು. ಏನಾಗಬಹುದು ಎಂದು ತಿಳಿದೇ ಕೂತಿದ್ದರು.

ಬಂಧನದ ಸುದ್ದಿ ತಿಳಿದ ರಾತ್ರಿಯೇ ಜೋ ಆನ್ ರಾಬಿನ್ಸನ್ ಕಾಲೇಜಿಗೆ ಹೋದರು. ಒಬ್ಬ ಸಹೋದ್ಯೋಗಿ, ಇಬ್ಬರು ವಿದ್ಯಾರ್ಥಿಗಳು ಜೊತೆಗೆ. ಬೆಳಗಾಗುವವರೆಗೆ ಸೈಕ್ಲೋಸ್ಟೈಲ್ ಯಂತ್ರ ತಿರುಗಿಸಿ ಹತ್ತಾರು ಸಾವಿರ ಕರಪತ್ರ ತೆಗೆದರು. ಸೋಮವಾರ ಬಸ್ಸು ಹತ್ತಬೇಡಿ ಎಂಬುದಷ್ಟೇ ವಿಷಯ. ಮರುದಿನ ಸಂಘದ ಹೆಂಗಸರು, ವಿದ್ಯಾರ್ಥಿಗಳು ಅವನ್ನು ಊರೆಲ್ಲ ಹಂಚಿದರು. ರೈಲ್ವೆ ಪೋರ್ಟರ್ ಆಗಿದ್ದ ಇ. ಡಿ. ನಿಕ್ಸನ್ ಪಾರ್ಕ್ಸ್‌ಗೆ ಜಾಮೀನು ಕೊಡಿಸಿ, ಪಾದ್ರಿಗಳಿಗೆಲ್ಲ ಫೋನು ಮಾಡಿ ಕೂಡಿಸಿದರು.

ಡಿಸೆಂಬರ್ 5ರ ಸೋಮವಾರ ಬಸ್ಸುಗಳು ಹೆಚ್ಚುಕಡಿಮೆ ಖಾಲಿ ಓಡಿದವು. ಅದೇ ದಿನ ಕೋರ್ಟು ಪಾರ್ಕ್ಸ್‌ಗೆ 10 ಡಾಲರ್ ದಂಡ, 4 ಡಾಲರ್ ಖರ್ಚು ಹಾಕಿತು. ಸಂಜೆ ಹೋಲ್ಟ್ ಸ್ಟ್ರೀಟ್ ಚರ್ಚಿನಲ್ಲಿ ಸಾವಿರಾರು ಜನ ಸೇರಿ, ಬಹಿಷ್ಕಾರ ಮುಂದುವರಿಯಲಿ ಎಂದರು. ಅದನ್ನು ನಡೆಸಲು ಹುಟ್ಟಿದ ಸಮಿತಿಗೆ ಅಧ್ಯಕ್ಷರಾದವರು ಊರಿಗೆ ಹೊಸಬರಾದ 26 ವರ್ಷದ ಪಾದ್ರಿ, ಮಾರ್ಟಿನ್ ಲೂಥರ್ ಕಿಂಗ್.

ಅವರು ಮೊದಲು ಕೇಳಿದ್ದಾದರೂ ಏನು ಗೊತ್ತೇ? ಡ್ರೈವರುಗಳು ಮರ್ಯಾದೆಯಿಂದ ಮಾತನಾಡಲಿ. ಕಪ್ಪು ಜನ ಹಿಂದಿನಿಂದ, ಬಿಳಿಯರು ಮುಂದಿನಿಂದ ಕೂರುತ್ತಾ ಬರಲಿ, ಮೊದಲು ಬಂದವರಿಗೆ ಸೀಟು, ಕೂತವರನ್ನು ಎಬ್ಬಿಸಬೇಡಿ. ಕಪ್ಪು ಜನರ ಬಡಾವಣೆಗಳ ಮಾರ್ಗಗಳಲ್ಲಿ ಕಪ್ಪು ಡ್ರೈವರುಗಳನ್ನು ನೇಮಿಸಿ. ಇಷ್ಟೇ. ಪ್ರತ್ಯೇಕತೆಯನ್ನೇ ತೆಗೆಯಿರಿ ಎಂದು ಆಗ ಕೇಳಿರಲೇ ಇಲ್ಲ. ಈ ಸಣ್ಣ ಬೇಡಿಕೆಗೂ ನಗರದವರು ಒಪ್ಪಲಿಲ್ಲ. ಒಪ್ಪಿದ್ದರೆ ಬಹುಶಃ ವಿಷಯ ಅಲ್ಲಿಗೇ ಮುಗಿಯುತ್ತಿತ್ತು.

ಕೇಳುಗರೇ, ಒಂದು ದಿನದ ಬಹಿಷ್ಕಾರಕ್ಕೆ ಉತ್ಸಾಹ ಸಾಕು. ಒಂದು ವರ್ಷದ ಬಹಿಷ್ಕಾರಕ್ಕೆ ವ್ಯವಸ್ಥೆ ಬೇಕು. ಮೊದಲು ಕಪ್ಪು ಟ್ಯಾಕ್ಸಿ ಚಾಲಕರು ಬಸ್ಸಿನ ದರಕ್ಕೇ, ಅಂದರೆ 10 ಸೆಂಟಿಗೆ ಜನರನ್ನು ಕರೆದೊಯ್ದರು. 45 ಸೆಂಟಿಗಿಂತ ಕಡಿಮೆ ತೆಗೆದುಕೊಂಡರೆ ಕಾನೂನು ಕ್ರಮ ಎಂದಿತು ನಗರಾಡಳಿತ. ಆಗ ಬಂದದ್ದು ಕಾರ್ ಪೂಲ್. 1953ರಲ್ಲಿ ಲೂಸಿಯಾನಾದ ಬ್ಯಾಟನ್ ರೂಜ್ ಊರಿನ ಕಪ್ಪು ಜನ ಸ್ವಲ್ಪ ದಿನ ಇದನ್ನು ಮಾಡಿದ್ದರು, ಅವರನ್ನು ಕೇಳಿ ತಿಳಿದುಕೊಂಡರು. ಸುಮಾರು 300 ಕಾರು, ಗೊತ್ತುಮಾಡಿದ ನಿಲ್ದಾಣಗಳು, ಹೊತ್ತಿಗೆ ಸರಿಯಾಗಿ ಓಡಾಟ. ಪೊಲೀಸರು ಸಣ್ಣಪುಟ್ಟ ನೆಪ ತೆಗೆದು ಚಾಲಕರನ್ನು ಹಿಡಿದರು. 25 ಮೈಲಿ ಮಿತಿಯಿದ್ದ ಕಡೆ 30 ಮೈಲಿ ವೇಗದಲ್ಲಿ ಹೋದರೆಂದು ಕಿಂಗ್ ಅವರನ್ನೇ ಜೈಲಿಗೆ ಹಾಕಿದರು. ವಾಹನಗಳ ವಿಮೆ ರದ್ದಾಯಿತು. ಕೊನೆಗೆ ಲಂಡನ್ನಿನ ಲಾಯ್ಡ್ಸ್ ಮೂಲಕ ವಿಮೆ ಮಾಡಿಸಬೇಕಾಯಿತು. ಇನ್ನೊಂದು ಸ್ವಾರಸ್ಯ ನೋಡಿ. ಮನೆಗೆಲಸದ ಹೆಂಗಸು ಬರದಿದ್ದರೆ ಬಿಳಿಯ ಗೃಹಿಣಿಯರ ಕೆಲಸ ಸಾಗಬೇಕಲ್ಲ! ಹಾಗಾಗಿ ಎಷ್ಟೋ ಮಂದಿ ತಾವೇ ಕಾರಿನಲ್ಲಿ ಹೋಗಿ ಅವರನ್ನು ಕರೆತಂದರು. ಮೇಯರ್ ಗದರಿದರೂ ಕೇಳಲಿಲ್ಲ.

ಪೆಟ್ರೋಲಿಗೆ ದುಡ್ಡು? ಇಲ್ಲಿ ನೀವು ಜಾರ್ಜಿಯಾ ಗಿಲ್ಮೋರ್ ಅವರನ್ನು ಭೇಟಿಯಾಗಬೇಕು. ಒಂದು ಉಪಾಹಾರ ಗೃಹದಲ್ಲಿ ಅಡುಗೆ ಮಾಡುತ್ತಿದ್ದವರು. ಕೋಳಿ ಸ್ಯಾಂಡ್‌ವಿಚ್, ಕರಿದ ಮೀನು, ಕೇಕು, ಗೆಣಸಿನ ಪೈ ಮಾಡಿ ಮಾರಿ, ಬಂದದ್ದನ್ನು ಸಮಿತಿಯ ಸಭೆಯಲ್ಲಿ ಕೊಡುತ್ತಿದ್ದರು. ಜೊತೆಗೆ ಇನ್ನಷ್ಟು ಹೆಂಗಸರು ಸೇರಿದರು. ಅವರಲ್ಲಿ ಅನೇಕರು ಬಿಳಿಯರ ಮನೆಗಳಲ್ಲಿ ಕೆಲಸಕ್ಕಿದ್ದವರು, ಹೆಸರು ಹೊರಬಿದ್ದರೆ ಕೆಲಸ ಹೋಗುತ್ತದೆ. ಅದಕ್ಕೇ ಗುಂಪಿನ ಹೆಸರು ‘ಎಲ್ಲಿಯೂ ಇಲ್ಲದವರ ಕ್ಲಬ್’. ದುಡ್ಡು ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ಎಲ್ಲಿಂದಲೂ ಇಲ್ಲ ಎಂದರಾಯಿತು! ಬಹಿಷ್ಕಾರದ ಹೊತ್ತಿನಲ್ಲೇ ಗಿಲ್ಮೋರ್ ಅವರ ಕೆಲಸ ಹೋಯಿತು. ಅವರು ಮನೆಯಲ್ಲೇ ಅಡುಗೆ ಮಾಡಿ ಬಡಿಸತೊಡಗಿದರು. ಹೋರಾಟದ ಮುಖಂಡರು ಅಲ್ಲೇ ಊಟ ಮಾಡಿ ಅಲ್ಲೇ ಮಾತುಕತೆ ನಡೆಸುತ್ತಿದ್ದರು.

ಬಿಳಿಯರಲ್ಲೂ ಒಬ್ಬರನ್ನು ನೆನೆಯಬೇಕು. ಜೂಲಿಯೆಟ್ ಮಾರ್ಗನ್ ಎಂಬ ಗ್ರಂಥಪಾಲಕಿ ಬಹಿಷ್ಕಾರ ಶುರುವಾದ ವಾರದೊಳಗೆ ಊರಿನ ಪತ್ರಿಕೆಗೆ ಪತ್ರ ಬರೆದರು. ಬಸ್ಸು ಬಿಟ್ಟು ನಡೆಯುತ್ತಿರುವ ಈ ಜನರನ್ನು ಅವರು ಹೋಲಿಸಿದ್ದು ನಮ್ಮ ಗಾಂಧೀಜಿಯ ಉಪ್ಪಿನ ಸತ್ಯಾಗ್ರಹಕ್ಕೆ. ಅದಾದ ಮೇಲೆ ಬೈಗುಳದ ಫೋನುಗಳು, ಬೆದರಿಕೆಗಳು ನಿಲ್ಲಲಿಲ್ಲ. ಆ ಒಂಟಿತನದಲ್ಲೇ ಅವರು 1957ರಲ್ಲಿ ತೀರಿಕೊಂಡರು.

1956ರ ಜನವರಿ 30ರಂದು ಕಿಂಗ್ ಅವರ ಮನೆಗೆ ಬಾಂಬು ಬಿತ್ತು. ಒಳಗೆ ಪತ್ನಿ, ಹಸುಗೂಸು ಇದ್ದರು. ಅಪಾಯವಾಗಲಿಲ್ಲ. ಸಿಟ್ಟಿನಿಂದ ಸೇರಿದ ಜನರನ್ನು ಕಿಂಗ್ ಸಮಾಧಾನಪಡಿಸಿ ಮನೆಗೆ ಕಳಿಸಿದರು. ಎರಡು ದಿನದಲ್ಲಿ ನಿಕ್ಸನ್ ಮನೆಗೂ ಬಾಂಬು. ಫೆಬ್ರವರಿಯಲ್ಲಿ ಹಳೆಯದೊಂದು ಬಹಿಷ್ಕಾರ ವಿರೋಧಿ ಕಾನೂನನ್ನು ಹೊರತೆಗೆದು ಹತ್ತಾರು ಮುಖಂಡರ ಮೇಲೆ ಮೊಕದ್ದಮೆ ಹೂಡಿದರು. ಜನ ನಡೆಯುತ್ತಲೇ ಇದ್ದರು.

ಬಸ್ಸಿನಲ್ಲಿನ ಪ್ರತ್ಯೇಕತೆಯನ್ನು ಕೊನೆಗೆ ತೆಗೆದುಹಾಕಿದ್ದು ರೋಸಾ ಪಾರ್ಕ್ಸ್ ಅವರ ಮೊಕದ್ದಮೆಯಲ್ಲ ಎಂಬುದು ಹೆಚ್ಚು ಜನರಿಗೆ ಗೊತ್ತಿಲ್ಲ. ಯುವ ವಕೀಲ ಫ್ರೆಡ್ ಗ್ರೇ ಫೆಡರಲ್ ಕೋರ್ಟಿನಲ್ಲಿ ಬೇರೆಯೇ ದಾವೆ ಹೂಡಿದರು. ಕೊನೆಯವರೆಗೂ ನಿಂತ ಅರ್ಜಿದಾರರು ನಾಲ್ವರು ಹೆಂಗಸರು. ಆರೀಲಿಯಾ ಬ್ರೌಡರ್, ಸೂಸಿ ಮೆಕ್‌ಡೊನಾಲ್ಡ್, ಮೇರಿ ಲೂಯಿಸ್ ಸ್ಮಿತ್, ಮತ್ತು ನಾಲ್ಕನೆಯವಳು ಮುಖಂಡರು ಹಿಂದೆ ಬಿಟ್ಟಿದ್ದ ಅದೇ ಕ್ಲಾಡೆಟ್ ಕಾಲ್ವಿನ್. ಕಂಕುಳ ಕೂಸಿನ ತಾಯಿಯಾಗಿದ್ದ ಆ ಹುಡುಗಿ ಕಟಕಟೆ ಹತ್ತಿ ಸಾಕ್ಷಿ ನುಡಿದಳು. ಜೂನ್ 5ರಂದು ಮೂವರು ನ್ಯಾಯಾಧೀಶರಲ್ಲಿ ಇಬ್ಬರು ಅವರ ಪರ ತೀರ್ಪು ಕೊಟ್ಟರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಅದೇ ದಿನ ಸ್ಥಳೀಯ ಕೋರ್ಟು ಕಾರ್ ಪೂಲ್ ನಿಲ್ಲಿಸಿ ಎಂದು ತಡೆಯಾಜ್ಞೆ ಕೊಟ್ಟಿತು. ಸುಪ್ರೀಂ ಕೋರ್ಟಿನ ಆದೇಶ ಕೈಗೆ ಬಂದದ್ದು ಡಿಸೆಂಬರ್ 20ಕ್ಕೆ. ಅಂದರೆ ಗೆದ್ದ ಮೇಲೂ ಒಂದು ತಿಂಗಳಿಗಿಂತ ಹೆಚ್ಚು ಕಾಲ, ಕಾರುಗಳ ವ್ಯವಸ್ಥೆಯೂ ಇಲ್ಲದೆ, ಜನ ನಡೆದರು. ನನ್ನ ಮಟ್ಟಿಗೆ ಈ ಕತೆಯಲ್ಲಿ ಅತ್ಯಂತ ದೊಡ್ಡ ಭಾಗ ಇದೇ. 21ರ ಬೆಳಿಗ್ಗೆ ಅವರು ಬಸ್ಸು ಹತ್ತಿ ಮುಂದಿನ ಸೀಟುಗಳಲ್ಲಿ ಕೂತರು.

ಎಲ್ಲವೂ ಅಲ್ಲಿಗೆ ಸರಿಹೋಯಿತು ಎಂದು ಹೇಳಲಾರೆ. ಬಸ್ಸುಗಳ ಮೇಲೆ ಗುಂಡು ಹಾರಿತು, ಒಬ್ಬ ಗರ್ಭಿಣಿಯ ಕಾಲಿಗೆ ಪೆಟ್ಟಾಯಿತು. 1957ರ ಜನವರಿಯಲ್ಲಿ ಚರ್ಚುಗಳ ಮೇಲೆ ಬಾಂಬು ಬಿತ್ತು. ಕೆಲಸ ಕಳೆದುಕೊಂಡಿದ್ದ ಪಾರ್ಕ್ಸ್ ಅದೇ ವರ್ಷ ಊರು ಬಿಟ್ಟು ಡೆಟ್ರಾಯಿಟ್‌ಗೆ ಹೋದರು. ಸಾರ್ವಜನಿಕ ಸ್ಥಳಗಳಲ್ಲಿ ಭೇದ ಮಾಡಬಾರದೆಂಬ ದೇಶವ್ಯಾಪಿ ಕಾನೂನು ಬರಲು 1964 ಆಗಬೇಕಾಯಿತು, ಮತದಾನದ ಹಕ್ಕಿನ ಕಾಯ್ದೆಗೆ 1965.

1959ರಲ್ಲಿ ಕಿಂಗ್ ದಂಪತಿ ಒಂದು ತಿಂಗಳು ಭಾರತದಲ್ಲಿದ್ದರು. ಮುಂಬಯಿಯಲ್ಲಿರುವ ಕೇಳುಗರೇ, ಅವರು ತಂಗಿದ್ದು ನಿಮ್ಮೂರಿನ ಮಣಿಭವನದಲ್ಲಿ, ಗಾಂಧೀಜಿ ಇದ್ದ ಮನೆಯಲ್ಲಿ. ಹೊರಡುವ ಮುನ್ನ ಮಾರ್ಚ್ 9ರಂದು ಆಕಾಶವಾಣಿಯಲ್ಲಿ ಮಾತನಾಡಿದರು. ಆ ಧ್ವನಿಮುದ್ರಿಕೆ 2009ರಲ್ಲಿ ಆಕಾಶವಾಣಿಯ ಸಂಗ್ರಹದಲ್ಲಿ ಮತ್ತೆ ಸಿಕ್ಕಿತು. ಬಾನುಲಿಯ ಕೆಲಸ ಮಾಡುವ ನನ್ನಂಥವರಿಗೆ ಅದೊಂದು ಹೆಮ್ಮೆ. ಆದರೆ ಅದೇ ಪ್ರವಾಸದ ಇನ್ನೊಂದು ನೆನಪನ್ನು ಕಿಂಗ್ 1965ರ ಒಂದು ಪ್ರವಚನದಲ್ಲಿ ಹೇಳಿದ್ದಾರೆ. ಕೇರಳದಲ್ಲಿ ದಲಿತ ಮಕ್ಕಳ ಶಾಲೆಗೆ ಹೋಗಿದ್ದಾಗ ಮುಖ್ಯೋಪಾಧ್ಯಾಯರು ಅವರನ್ನು ಅಮೆರಿಕದಿಂದ ಬಂದ ಇನ್ನೊಬ್ಬ ಅಸ್ಪೃಶ್ಯ ಎಂದು ಮಕ್ಕಳಿಗೆ ಪರಿಚಯಿಸಿದರಂತೆ. ಕ್ಷಣಕಾಲ ಬೇಸರವಾಯಿತು, ಆಮೇಲೆ ಯೋಚಿಸಿದಾಗ ಅದು ನಿಜವೆನಿಸಿತು ಎಂದರು ಕಿಂಗ್. ನಮ್ಮಿಂದ ಸತ್ಯಾಗ್ರಹ ಕಲಿತವರು ನಮ್ಮಲ್ಲಿ ಏನನ್ನು ಕಂಡು ಹೋದರು ಎಂಬುದನ್ನೂ ನಾವು ಮರೆಯಬಾರದು.

ನಿಮ್ಮ ಮಗಳೋ ಮಗನೋ ಶಾಲೆಯಲ್ಲಿ ರೋಸಾ ಪಾರ್ಕ್ಸ್ ಪಾಠ ಓದುವ ದಿನ ಬಂದೇ ಬರುತ್ತದೆ. ಆಗ ಪಕ್ಕದಲ್ಲಿ ಕೂತು, 15 ವರ್ಷದ ಕ್ಲಾಡೆಟ್ ಬಗ್ಗೆ, ರಾತ್ರಿಯಿಡೀ ಕರಪತ್ರ ತೆಗೆದ ಅಧ್ಯಾಪಕಿಯ ಬಗ್ಗೆ, ಗೆಣಸಿನ ಪೈ ಮಾರಿ ಪೆಟ್ರೋಲಿಗೆ ದುಡ್ಡು ಕೂಡಿಸಿದ ಅಡುಗೆಯಾಕೆಯ ಬಗ್ಗೆ ಎರಡು ಮಾತು ಹೇಳಿ. ಒಬ್ಬರು ಸೀಟು ಬಿಡದೆ ಕೂತದ್ದಕ್ಕೆ ಅರ್ಥ ಬಂದದ್ದು 50 ಸಾವಿರ ಜನ ಎದ್ದು ನಡೆದದ್ದರಿಂದ ಎಂದು ಮಕ್ಕಳಿಗೆ ತಿಳಿಯಲಿ.

ಮುಂದಿನ ವಾರ ಇದೇ ಹೊತ್ತಿಗೆ ಮತ್ತೆ ಸಿಗೋಣ. ಅಲ್ಲಿಯವರೆಗೆ, ನಮಸ್ಕಾರ.