ಬಿಗಿಯುವುದೂ ಕೂಡಿಸುವುದೂ

ಮೂವತ್ತು ವರ್ಷಗಳಿಗೂ ಮಿಕ್ಕು ಛಂದಸ್ಸು, ವ್ಯಾಕರಣಗಳ ಪಾಠ ಹೇಳಿದವನು ಮೋಟಾರು ಇಂಜಿನ್ನಿನ ಮುಚ್ಚಳದ ವಿಷಯ ಮಾತನಾಡಹೊರಟರೆ ನಿಮಗೆ ಸೋಜಿಗವಾದೀತು. ಆದರೆ ಕಳೆದ ಬೇಸಗೆಯಲ್ಲಿ, ಇಂಗ್ಲೆಂಡಿನಲ್ಲಿರುವ ನನ್ನ ಮಗನ ಮನೆಯ ಮುಂದೆ ಎರಡು ದಿನ ಕೈ ಕಪ್ಪುಮಾಡಿಕೊಂಡು ಕಲಿತದ್ದನ್ನು ನಿಮಗೆ ಹೇಳದೆ ಇರಲಾರೆ.

ಮಗನ ಬಳಿ 1967ರ ಎಂ.ಜಿ.ಬಿ. ಎಂಬ ಸ್ಪೋರ್ಟ್ಸ್ ಕಾರೊಂದಿದೆ. 1962ರಿಂದ 1980ರವರೆಗೆ ಆಕ್ಸ್‌ಫರ್ಡಿಗೆ ಸಮೀಪದ ಆಬಿಂಗ್ಡನ್ ಪಟ್ಟಣದಲ್ಲಿ ತಯಾರಾಗುತ್ತಿದ್ದ ಗಿಡ್ಡ ಮೈಕಟ್ಟಿನ ವಾಹನ ಅದು. ಅವನದು ನಿಂತಲ್ಲೆಲ್ಲ ಎಣ್ಣೆ ತೊಟ್ಟಿಕ್ಕುತ್ತಿತ್ತು. ನಾಲ್ಕು ಮೈಲಿ ಓಡಿದರೆ ಸುಟ್ಟ ಎಣ್ಣೆಯ ಕಮಟು. ಬಾನೆಟ್ ಎತ್ತಿ ನೋಡಿದಾಗ, ಪರದೇಶದಲ್ಲಿ ಬಂಧುವೊಬ್ಬ ಎದುರಾದಂತೆ ನನಗೆ ಭಾಸವಾಯಿತು. ನಮ್ಮ ಅಂಬಾಸಡರ್ ಕಾರು ದೀರ್ಘಕಾಲ ಹೊತ್ತು ತಿರುಗಿದ 1489 ಸಿ.ಸಿ. ಇಂಜಿನ್ನೂ ಈ 1798 ಸಿ.ಸಿ. ಇಂಜಿನ್ನೂ 'ಬಿ ಸೀರೀಸ್' ಎಂಬ ಒಂದೇ ವಂಶದ ಕುಡಿಗಳು. ಅಂಬಾಸಡರಿನ ತಯಾರಿಕೆ 2014ರಲ್ಲಿ ನಿಂತಿತು; ಅದರ ನೆನಪು ನಮ್ಮ ತಲೆಮಾರಿನವರಿಗೆ ಅಳಿಯುವಂಥದಲ್ಲ.

1981ರಲ್ಲಿ ನಾನು ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುತ್ತಿದ್ದೆ. ರಜೆಗೆಂದು ಊರಿಗೆ ಹೋದಾಗ ನಮ್ಮ ತಂದೆಯವರ ಅಂಬಾಸಡರಿನ ಇಂಜಿನ್ನಿನ ಮೇಲ್ಮುಚ್ಚಳದಿಂದ ಎಣ್ಣೆ ಜಿನುಗುವುದನ್ನು ಕಂಡೆ. ಜಾಣನೆಂಬ ಹಮ್ಮಿನಿಂದ ಸ್ಪ್ಯಾನರ್ ಹಿಡಿದು, ಇದ್ದ ಬಲವನ್ನೆಲ್ಲ ಬಿಟ್ಟು ನಟ್ಟುಗಳನ್ನು ಬಿಗಿದೆ. ಜಿನುಗುತ್ತಿದ್ದುದು ಹರಿಯತೊಡಗಿತು. ಕೊನೆಗೆ ಬಂದ ಮೇಸ್ತ್ರಿ ಮುಚ್ಚಳವನ್ನು ಬಿಚ್ಚಿ, ಸೊಟ್ಟಗಾಗಿದ್ದ ಅದರ ಅಂಚನ್ನು ತೋರಿಸಿ, "ಸ್ವಾಮಿ, ಇದು ಬಿಗಿಯೋ ಜಾಗ ಅಲ್ಲ, ಕೂಡಿಸೋ ಜಾಗ" ಎಂದ. ನಾನು ನಕ್ಕು ಸುಮ್ಮನಾದೆ.

ಆತನ ಮಾತಿನ ಅರ್ಥ ಆಬಿಂಗ್ಡನ್ನಿನ ಕಾರಿನ ಮುಂದೆ ತಿಳಿಯಿತು. ಈ ಇಂಜಿನ್ನಿಗೆ ಮೇಲೊಂದು ರಾಕರ್ ಮುಚ್ಚಳ, ಪಕ್ಕದಲ್ಲಿ ಎರಡು ಟ್ಯಾಪೆಟ್ ಮುಚ್ಚಳಗಳು. ಎಲ್ಲವೂ ತೆಳು ಉಕ್ಕಿನ ತಗಡಿನವು. ತಗಡಿಗೂ ಎರಕದ ಕಬ್ಬಿಣಕ್ಕೂ ನಡುವೆ ಕಾರ್ಕಿನ ಗ್ಯಾಸ್ಕೆಟ್. ಕಾರ್ಕ್ ಎಂಬುದು ಪೋರ್ಚುಗಲ್ಲಿನಲ್ಲಿ ಹೇರಳವಾಗಿ ಬೆಳೆಯುವ ಒಂದು ಬಗೆಯ ಓಕ್ ಮರದ ತೊಗಟೆ. ಮರವನ್ನು ಕಡಿಯದೆ, ಸುಮಾರು ಒಂಬತ್ತು ವರ್ಷಕ್ಕೊಮ್ಮೆ ಸುಲಿದು ತೆಗೆಯುತ್ತಾರೆ. ಅದು ಅದುಮಿದರೆ ಅದುಮಿಸಿಕೊಳ್ಳುತ್ತದೆ, ಬಿಟ್ಟರೆ ಮತ್ತೆ ಉಬ್ಬುತ್ತದೆ. ಉರುಟು ಅಂಚುಗಳೆರಡನ್ನು ಹೊಂದಿಸುವ ಶಕ್ತಿ ಇರುವುದು ಆ ಮೆತುವಿನಲ್ಲಿಯೇ. ಮಿತಿಮೀರಿ ಅದುಮಿದರೆ ಅದು ಸೀಳಿ ಹೊರಬರುತ್ತದೆ, ತಗಡು ಬಾಗುತ್ತದೆ. ಸಿಲಿಂಡರ್ ಹೆಡ್ಡಿನ ನಟ್ಟುಗಳಿಗೆ 45ರಿಂದ 50 ಪೌಂಡು-ಅಡಿಗಳ ಬಿಗಿತವನ್ನು ವಿಧಿಸುವ ಕೈಪಿಡಿ, ರಾಕರ್ ಮುಚ್ಚಳಕ್ಕೆ ಹೇಳುವುದು ಕೇವಲ 4! ಒಂದಡಿ ಉದ್ದದ ಸ್ಪ್ಯಾನರಿನ ತುದಿಗೆ ಎರಡು ಕಿಲೋಗೂ ಕಡಿಮೆ ತೂಕವನ್ನು ನೇತುಹಾಕಿದಷ್ಟು, ಅಷ್ಟೇ.

ಪಕ್ಕದ ಮುಚ್ಚಳಗಳನ್ನು ಮುಟ್ಟಬೇಕಾದರೆ ಕಾರ್ಬ್ಯುರೇಟರುಗಳನ್ನೂ ಹೊಗೆಕೊಳವೆಯ ಮ್ಯಾನಿಫೋಲ್ಡನ್ನೂ ಬಿಚ್ಚಬೇಕು. ಬಿಚ್ಚಿದೆವು. ಹಳೆಯ ಕಾರ್ಕ್ ಇಟ್ಟಿಗೆಯಂತೆ ಗಡುಸಾಗಿತ್ತು. ಒಂದು ಚೂರೂ ಇಂಜಿನ್ನಿನೊಳಗೆ ಬೀಳದಂತೆ ಬಟ್ಟೆ ತುರುಕಿ, ಮೆಲ್ಲನೆ ಹೆರೆದೆವು. ಬಾಗಿದ ಅಂಚುಗಳನ್ನು ಮರದ ತುಂಡಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ತಟ್ಟಿ ಸಮಮಾಡಿದೆವು. ಹೊಸ ಗ್ಯಾಸ್ಕೆಟ್ಟುಗಳನ್ನು ಮುಚ್ಚಳಕ್ಕೆ ಮಾತ್ರ ಅಂಟಿಸಿ, ರಾತ್ರಿಯೆಲ್ಲ ಪುಸ್ತಕಗಳ ಹೇರಿನಡಿ ಇಟ್ಟೆವು. ನಿಘಂಟಿನ ಸಂಪುಟಗಳು ಅಷ್ಟು ನೇರವಾಗಿ ಉಪಯೋಗಕ್ಕೆ ಬಂದುದನ್ನು ನಾನು ಹಿಂದೆ ಕಂಡಿರಲಿಲ್ಲ. ಮುಂದಿನ ಮುಚ್ಚಳಕ್ಕೆ ಸೇರಿದ ಉಸಿರುಕೊಳವೆಯನ್ನೂ ಮಗ ಮರೆಯದೆ ತೊಳೆದ. ಅದು ಕಟ್ಟಿಕೊಂಡರೆ ಒಳಗಿನ ಒತ್ತಡ ಹೊರಹೋಗಲು ದಾರಿಯಿಲ್ಲದೆ ಎಣ್ಣೆಯನ್ನು ಸಂದುಗಳಿಂದ ನೂಕುತ್ತದೆ. ಎಂಥ ಹೊಸ ಗ್ಯಾಸ್ಕೆಟ್ಟೂ ಅದನ್ನು ತಡೆಯಲಾರದು.

ಶ್ರೋತೃಗಳೇ, ಇಲ್ಲೊಂದು ಮಾತನ್ನು ಒಪ್ಪಿಕೊಳ್ಳಬೇಕು. ಈ ಮಗ ಏನು ಓದಬೇಕು, ಎಲ್ಲಿ ನೆಲೆಸಬೇಕು ಎಂಬುದನ್ನೆಲ್ಲ ಒಂದು ಕಾಲಕ್ಕೆ ನಾನೇ ನಿಶ್ಚಯಿಸಹೊರಟಿದ್ದೆ. ಅವನಿಗೂ ಹೇಳುವುದಿತ್ತು, ಹೇಳಲು ನಾನು ದಾರಿ ಬಿಟ್ಟಿರಲಿಲ್ಲ. ಅವನು ದೂರ ಹೋದ. ಫೋನಿನಲ್ಲಿ ನಮ್ಮ ಸಂಭಾಷಣೆ ಆರೋಗ್ಯ, ಹವಾಮಾನಗಳನ್ನು ದಾಟದೆ ಹತ್ತು ವರ್ಷಗಳೇ ಕಳೆದಿದ್ದವು.

ಎರಡನೆಯ ದಿನ ಸಂಜೆ ಕೊನೆಯ ನಟ್ಟು ನನ್ನ ಪಾಲಿಗೆ ಬಂತು. ಹಳೆಯ ಚಾಳಿ, ಕೈ ಇನ್ನರ್ಧ ಸುತ್ತಿಗೆ ಹೊರಳಿತು. ಮಗ ನನ್ನ ಕೈಮೇಲೆ ಕೈಯಿಟ್ಟು, "ಸಾಕಪ್ಪಾ" ಎಂದ. ಬಿಟ್ಟುಬಿಟ್ಟೆ.

ಮರುದಿನ ಬೆಳಗ್ಗೆ ಕಾರಿನಡಿ ಹಾಸಿದ್ದ ಹಳೆಯ ಪತ್ರಿಕೆಯನ್ನು ಎಳೆದು ನೋಡಿದೆವು. ಮುಚ್ಚಳಗಳ ಸುತ್ತ ಒಣಗಿತ್ತು. ಹಿಂಭಾಗದಲ್ಲಿ ಮಾತ್ರ ರೂಪಾಯಿಯಗಲದ ಒಂದು ಕಲೆ.

"ಅದು ಬೇರೆ ಕಡೆಯದಪ್ಪಾ," ಎಂದ ಮಗ. "ಬರುವ ಬೇಸಗೆಗೆ ನೀವು ಬಂದಾಗ ಬಿಚ್ಚಿ ನೋಡೋಣ."