ನಮ್ಮ ಮೈಯ ಲೆಕ್ಕ ನಮ್ಮ ಕೈಗೆ
(ಭಾಷಣದ ಬರಹರೂಪ)



ಸಕ್ಕರೆ ಕಾಯಿಲೆ ಅಂದ ಕೂಡಲೇ ನಿಮ್ಮ ಕಣ್ಣಿಗೆ ಬರುವುದು ಪಾರ್ಕಿನಲ್ಲಿ ವಾಕಿಂಗ್ ಹೊರಟ ನಿವೃತ್ತರು. ನಾನಿವತ್ತು ಹೇಳಹೊರಟಿರುವುದು ಮಕ್ಕಳ ವಿಷಯ. ಟೈಪ್ 1 ಮಧುಮೇಹ ಬಂದ ಮಗುವಿನ ಮೈಯಲ್ಲಿ ಇನ್ಸುಲಿನ್ ತಯಾರಿ ಹೆಚ್ಚುಕಡಿಮೆ ನಿಂತೇ ಹೋಗಿರುತ್ತದೆ. ಹೊರಗಿನಿಂದ ಚುಚ್ಚಲೇಬೇಕು. ಹಾಗಲಕಾಯಿ ರಸದಲ್ಲಿ ವಾಸಿ ಮಾಡುತ್ತೇನೆಂದು ಬರುವ ಮಹಾಶಯರನ್ನು ಹೊಸ್ತಿಲಾಚೆಯೇ ನಿಲ್ಲಿಸಿ! ಚುಚ್ಚಿದ್ದು ಹೆಚ್ಚಾದರೆ ನಿದ್ದೆಯಲ್ಲೇ ಸಕ್ಕರೆ 70ಕ್ಕಿಂತ ಕೆಳಗಿಳಿಯುತ್ತದೆ. ಇನ್ನೂ ಕುಸಿದರೆ ಫಿಟ್ಸ್ ಬರಬಹುದು, ಜೀವವೇ ಹೋಗಬಹುದು. ಅದಕ್ಕೇ ಆ ತಾಯಂದಿರು ನಡುರಾತ್ರಿ ಎದ್ದು ಮಗುವಿನ ಬೆರಳು ಚುಚ್ಚಿ ನೋಡುವುದು.

ಆ ಕಾವಲನ್ನು ಈಗ ತೋಳಿಗೆ ಅಂಟಿಸುವ ಒಂದು ಬಿಲ್ಲೆ ಮಾಡುತ್ತದೆ. ಅದರ ಕೂದಲೆಳೆಯಂಥ ತಂತು ಚರ್ಮದಡಿಯ ದ್ರವದಲ್ಲಿ ಕೂತು ಕೆಲವು ನಿಮಿಷಕ್ಕೊಮ್ಮೆ ಗ್ಲೂಕೋಸ್ ಅಳೆಯುತ್ತದೆ. ಅಂಕಿಗಿಂತ ಮುಖ್ಯ ಅದು ತೋರಿಸುವ ಬಾಣ. ಬೆರಳಿನ ಹನಿ 100 ಎನ್ನುತ್ತದೆ, ಅಷ್ಟೆ. ಆ 100 ಏರುತ್ತಿದೆಯೋ ಇಳಿಯುತ್ತಿದೆಯೋ ಹೇಳುವುದು ಬಾಣ. ಹಾಗೆಂದು ಇದೇನೂ ದೇವವಾಣಿಯಲ್ಲ. ರಕ್ತಕ್ಕಿಂತ 5ರಿಂದ 15 ನಿಮಿಷ ಹಿಂದಿರುತ್ತದೆ. ಮಗು ಅದೇ ತೋಳಿನ ಮೇಲೆ ಮಗ್ಗುಲಾದರೆ ಸುಳ್ಳುಸುಳ್ಳೇ ಕೂಗಲೂಬಹುದು. ಅನುಮಾನ ಬಂದರೆ ಮತ್ತೆ ಬೆರಳೇ ಗತಿ.

ಅಮೆರಿಕದ ಒಬ್ಬ ಅಪ್ಪನ ಕಥೆ ಕೇಳಿ. ನ್ಯೂಯಾರ್ಕ್ ರಾಜ್ಯದ ಜಾನ್ ಕಾಸ್ಟಿಕ್, ಸಾಫ್ಟ್‌ವೇರ್ ಎಂಜಿನಿಯರ್. 2012ರಲ್ಲಿ ಅವನ ನಾಲ್ಕು ವರ್ಷದ ಮಗನಿಗೆ ಈ ಕಾಯಿಲೆ ಬಂತು. ಮರುವರ್ಷ ಡೆಕ್ಸ್‌ಕಾಮ್ ಕಂಪನಿಯ ಬಿಲ್ಲೆ ಹಾಕಿಸಿದ. ಅಂಕಿ ಬರುತ್ತಿದ್ದುದು ಮಗುವಿನ ಬಳಿಯ ಪುಟ್ಟ ಡಬ್ಬಿಗೆ ಮಾತ್ರ. ಅಪ್ಪ ಕಚೇರಿಯಲ್ಲಿದ್ದರೆ ಅವನಿಗೇನೂ ಕಾಣದು. ಮಗನ ಮೈ, ಮಗನ ಅಂಕಿ, ಬೀಗ ಕಂಪನಿಯದು! ಕಾಸ್ಟಿಕ್ ಯಾರ ಅಪ್ಪಣೆಗೂ ಕಾಯಲಿಲ್ಲ. ಡಬ್ಬಿಗೆ ಕೇಬಲ್ ಸಿಕ್ಕಿಸಿ, ಅಂಕಿಗಳನ್ನು ಇಂಟರ್‌ನೆಟ್ಟಿಗೆ ಏರಿಸುವ ಪ್ರೋಗ್ರಾಂ ತಾನೇ ಬರೆದ. ಬೇರೆ ತಂದೆತಾಯಿಯರೂ ಕೈಜೋಡಿಸಿದರು. ಅದೇ ‘ನೈಟ್‌ಸ್ಕೌಟ್’. 2014ರಲ್ಲಿ ಎಲ್ಲರಿಗೂ ಪುಕ್ಕಟೆಯಾಗಿ ಬಿಟ್ಟರು. ‘ನಾವು ಕಾಯುತ್ತ ಕೂರುವುದಿಲ್ಲ’ ಎಂಬುದು ಅವರ ಘೋಷಣೆ. ದೂರದ ಫೋನಿಗೆ ಅಂಕಿ ಕಳಿಸುವ ಅದೇ ಕಂಪನಿಯ ಏರ್ಪಾಡಿಗೆ ಅಮೆರಿಕ ಸರ್ಕಾರದ ಒಪ್ಪಿಗೆ ಸಿಕ್ಕಿದ್ದು ಆಮೇಲೆ.

ಬಿಲ್ಲೆಯ ಆಯಸ್ಸು ಸುಮಾರು ಎರಡು ವಾರ. ಆಮೇಲೆ ಬಿಸಾಡಿ ಹೊಸದು ಕೊಳ್ಳಬೇಕು. ನಮ್ಮ ಕೂಲಿ ಮನೆಗಳಿಗೆ ಇದು ನಿಲುಕದ ಹಣ್ಣು; ಆ ಜಗಳ ಸರ್ಕಾರದ ಹತ್ತಿರ ಆಡಬೇಕಾದ್ದು. ಆದರೆ ನೈಟ್‌ಸ್ಕೌಟ್‌ನ ಕೋಡ್ ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು. ಬೆಂಗಳೂರಿನಲ್ಲಿ ಹಗಲೆಲ್ಲ ಕೋಡ್ ಬರೆಯುವವರು ಇಲ್ಲಿ ಎಷ್ಟು ಜನ ಇದ್ದೀರಿ? ಅಪ್ಪ ಅಮ್ಮ ಕೆಲಸಕ್ಕೆ ಹೋದ ಮನೆಯಲ್ಲಿ ಮಗುವಿನ ಜೊತೆ ಇರುವುದು ಅಜ್ಜಿ. ಅಲಾರಂ ಹೊಡೆದಾಗ ಪರದೆಯ ಮೇಲೆ ಅವಳಿಗೆ ಕಾಣಬೇಕಾದದ್ದು: ‘ಸಕ್ಕರೆ ಇಳಿಯುತ್ತಿದೆ. ಮಗುವಿಗೆ ಎಚ್ಚರವಿದ್ದರೆ ಸಕ್ಕರೆ ನೀರು ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.’